ಸೂತ್ರವಿಲ್ಲದ ಪಟ

ಆಟದ ವಸ್ತುವೊಂದನ್ನು ಕುರಿತು ಅರುವತ್ತು ದಾಟಿದವನು ಲೇಖನ ಬರೆಯುವುದು ಉಚಿತವೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಶಾಸನವಿಚಾರ, ಕಾವ್ಯವಿಮರ್ಶೆ, ಹಳಗನ್ನಡ ಶಬ್ದಗಳ ಚರ್ಚೆ ಇವುಗಳಿಗೆ ಮೀಸಲಾದ ನಮ್ಮ ಸಂಘದ ಪತ್ರಿಕೆಯಲ್ಲಿ, ಹುಡುಗರು ಬಯಲಿನಲ್ಲಿ ಹಾರಿಸುವ ಪುಟ್ಟ ವಿಮಾನಕ್ಕೆ ಎಡೆ ಎಲ್ಲಿಯದು? ಈ ಆಕ್ಷೇಪಣೆಗೆ ನನ್ನ ಸಮಾಧಾನ ಇಷ್ಟೆ: ಧರ್ಮಸೂಕ್ಷ್ಮವು ರಾಜಸಭೆಯಲ್ಲಿಯೂ ರಣರಂಗದಲ್ಲಿಯೂ ಮಾತ್ರವೇ ಎದುರಾಗಬೇಕೆಂಬ ಕಟ್ಟಳೆಯಿಲ್ಲ, ಕೊಯ್ಲು ಮುಗಿದ ಹೊಲದ ಕೂಳೆಗಳ ನಡುವೆಯೂ ಅದು ಎದುರಾಗಬಹುದು. ನನಗೆ ಎದುರಾದುದು ಅಲ್ಲಿಯೇ. ಅಲ್ಲಿ ಹುಟ್ಟಿದ ಪ್ರಶ್ನೆಯನ್ನು ಮೊದಲಿಗೇ ಹೇಳಿಬಿಡುತ್ತೇನೆ: ಮನುಷ್ಯನ ಕೈಗೂ ಅವನ ಕೆಲಸಕ್ಕೂ ನಡುವಣ ಅಂತರ ಹೆಚ್ಚಿದಂತೆಲ್ಲ ಅವನ ಹೊಣೆ ಕಡಿಮೆಯಾಗುತ್ತದೆಯೆ?

ನನ್ನ ತಮ್ಮನ ಮಗ ಎಂಜಿನಿಯರಿಂಗ್ ಓದುವ ಹುಡುಗ. ಕಳೆದ ಸಂಕ್ರಾಂತಿಯ ರಜೆಗೆ ನಮ್ಮ ಊರಿಗೆ ಬಂದಾಗ ಬಟ್ಟೆಬರೆಗಿಂತ ಹೆಚ್ಚಾಗಿ ಮರದ ತೆಳುಹಲಗೆ, ತಂತಿ, ಗೋಂದು, ಅರದ ಕಾಗದ ಇವುಗಳನ್ನು ಹೊತ್ತು ತಂದಿದ್ದನು. ಹತ್ತು ರಾತ್ರಿ ನಮ್ಮ ಮನೆಯ ನಡುಮನೆ ಕಮ್ಮಟವಾಯಿತು. ಆ ಮರದ ಹೆಸರು ಬಾಲ್ಸಾ. ದಕ್ಷಿಣ ಅಮೆರಿಕದ ಕಾಡಿನದು. ಸಸ್ಯಶಾಸ್ತ್ರದಲ್ಲಿ ನಮ್ಮ ಬೂರುಗಕ್ಕೆ ಬಂಧು. ಕೈಯಲ್ಲಿ ಹಿಡಿದರೆ ಒಣಗಿದ ಬೆಂಡಿನಷ್ಟು ಹಗುರ, ಆದರೂ ಎಳೆಯ ನೇರಕ್ಕೆ ಬಲವುಳ್ಳದ್ದು. ಅದರಿಂದ ಮೀನಿನ ಮುಳ್ಳುಗಳಂತೆ ಸಾಲುಸಾಲಾಗಿ ಪಕ್ಕೆಗಳನ್ನು ಕೊಯ್ದು, ಉದ್ದನೆಯ ತೊಲೆಗೆ ಪೋಣಿಸಿ, ಮೇಲೆ ಬಣ್ಣದ ತೆಳುಪೊರೆಯನ್ನು ಹಾಸಿ ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಬಿಗಿದನು. ರೆಕ್ಕೆ ತುದಿಯಿಂದ ತುದಿಗೆ ೪½ ಅಡಿ. ಒಟ್ಟು ತೂಕ ಒಂದು ಕಿಲೋಗ್ರಾಮಿಗೆ ಸ್ವಲ್ಪ ಮೇಲೆ. ಹೊಟ್ಟೆಯೊಳಗೆ ಮೋಟರಿಗೆ ಬ್ಯಾಟರಿ, ರೇಡಿಯೋ ಸಂಕೇತಗಳನ್ನು ಹಿಡಿಯುವ ಬೆಂಕಿಪೊಟ್ಟಣದಷ್ಟು ಚಿಕ್ಕ ಗ್ರಾಹಕ, ಆ ಸಂಕೇತಕ್ಕೆ ತಕ್ಕಂತೆ ಚುಕ್ಕಾಣಿ ಮೊದಲಾದ ಅಂಗಗಳನ್ನು ತಿರುಗಿಸುವ ಸರ್ವೋ ಎಂಬ ಪುಟ್ಟ ಯಂತ್ರಗಳು. ನೆಲದ ಮೇಲೆ ನಿಂತವನ ಕೈಯಲ್ಲಿ ಎರಡು ಕಡ್ಡಿಗಳುಳ್ಳ ಒಂದು ಪೆಟ್ಟಿಗೆ. ಸಾಮಗ್ರಿ ಇಷ್ಟೆ.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಮನುಷ್ಯನು ಆಕಾಶಕ್ಕೆ ಏರುವ ಮುನ್ನ ಏರಿದ್ದು ಅವನ ಆಟಿಕೆಯೇ. ೧೮೭೧ನೆಯ ಆಗಸ್ಟ್ ೧೮ರಂದು ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣನು ಪ್ಯಾರಿಸ್ಸಿನ ಟ್ಯುಯಿಲೆರಿ ಉದ್ಯಾನದಲ್ಲಿ, ಹುರಿಗೊಳಿಸಿದ ರಬ್ಬರಿನ ಬಲದಿಂದ ಚಲಿಸುವ ಒಂದು ಮಾದರಿಯನ್ನು ವಿದ್ವಾಂಸರ ಎದುರಿನಲ್ಲಿ ಹಾರಿಸಿದನು. ಅದು ಗಾಳಿಯಲ್ಲಿ ನಿಂತದ್ದು ೧೧ ಸೆಕೆಂಡು. ಆದರೆ ಯಾರೂ ಹಿಡಿಯದೆ, ಯಾರೂ ತಿದ್ದದೆ, ತನ್ನ ರಚನೆಯ ಗುಣದಿಂದಲೇ ಸಮತೋಲವನ್ನು ಕಾಯ್ದುಕೊಂಡು ಹಾರಿತು. ಅದೇ ಪೆನೋವಿನ ಇನ್ನೊಂದು ಕಲ್ಪನೆಯಾದ, ಮೇಲಕ್ಕೆ ಚಿಮ್ಮುವ ಆಟಿಕೆಯೊಂದನ್ನು ೧೮೭೮ರಲ್ಲಿ ಅಮೆರಿಕದ ಒಬ್ಬ ತಂದೆ ತನ್ನ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟನು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ಹಾರುವ ಮಾದರಿಗೆ ರೇಡಿಯೋ ಹಿಡಿತ ದೊರೆತದ್ದು ಮುಂದೆ. ಅಮೆರಿಕದ ಮಿಷಿಗನ್ ಪ್ರಾಂತದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸಹೋದರರು ೧೯೩೭ರಲ್ಲಿ ‘ಗಫ್’ ಎಂಬ ಎಂಟಡಿ ರೆಕ್ಕೆಯ ಮಾದರಿಯನ್ನು ರೇಡಿಯೋವಿನಿಂದ ನಡೆಯಿಸಿದವರಲ್ಲಿ ಮೊದಲಿಗರು. ಆ ವಿಮಾನವು ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಕಾಪಾಡಲ್ಪಟ್ಟಿದೆ.

ಪೆನೋವಿನ ವಿಮಾನಕ್ಕೂ ಗುಡ್ ಸಹೋದರರ ವಿಮಾನಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬೇಕು. ಮೊದಲನೆಯದನ್ನು ಬಿಟ್ಟವನು ಬಿಟ್ಟನು. ಮುಂದೆ ಗಾಳಿಯುಂಟು, ದೈವವುಂಟು. ಎರಡನೆಯದನ್ನು ಬಿಟ್ಟವನು ಬಿಟ್ಟೂ ಹಿಡಿದಿದ್ದಾನೆ. ನಮ್ಮ ಆಷಾಢದ ಗಾಳಿಪಟವೂ ಹೀಗೆಯೇ ಬಿಟ್ಟು ಹಿಡಿಯುವುದು ಅಲ್ಲವೆ ಎಂದರೆ, ಅಲ್ಲಿಯೇ ಇದೆ ಅಂತರ. ಗಾಳಿಪಟದ ದಾರ ಎರಡು ಕಡೆಗೂ ಮಾತನಾಡುತ್ತದೆ. ನಾವು ಜಗ್ಗಿದರೆ ಪಟಕ್ಕೆ ತಿಳಿಯುತ್ತದೆ. ಪಟ ಜಗ್ಗಿದರೆ ನಮ್ಮ ಬೆರಳಿಗೆ ತಿಳಿಯುತ್ತದೆ. ಗಾಳಿ ಬಲವಾದಾಗ ದಾರ ಬೆರಳನ್ನು ಕೊಯ್ಯುತ್ತದೆ. ಸೂತ್ರ ಹರಿದಾಗ ಕೈ ಒಮ್ಮೆಗೇ ಬರಿದಾಗುವ ಆ ಅನುಭವವನ್ನು ಬಾಲ್ಯದಲ್ಲಿ ಪಡೆದವರು ಮುಪ್ಪಿನಲ್ಲಿಯೂ ಮರೆಯಲಾರರು.

ರೇಡಿಯೋ ವಿಮಾನದ ಕಡ್ಡಿಯಾದರೋ ನಮ್ಮಿಂದ ಆಜ್ಞೆಯನ್ನು ಒಯ್ಯುತ್ತದೆ. ಅತ್ತಲಿಂದ ಏನನ್ನೂ ತರುವುದಿಲ್ಲ. ಬೆರಳಿಗೆ ಎದುರೊತ್ತುವುದು ಪೆಟ್ಟಿಗೆಯೊಳಗಿನ ಸ್ಪ್ರಿಂಗು ಮಾತ್ರ. ವಿಮಾನ ಸುಖವಾಗಿ ತೇಲುತ್ತಿರಲಿ, ತಲೆಕೆಳಗಾಗಿ ಬೀಳುತ್ತಿರಲಿ, ನೆಲಕ್ಕಪ್ಪಳಿಸಿ ನೂರು ಚೂರಾಗಿರಲಿ, ಆ ಸ್ಪ್ರಿಂಗು ಅದೇ ಮೃದುತ್ವದಿಂದ ಬೆರಳನ್ನು ನಡುವಿಗೆ ತಂದು ನಿಲ್ಲಿಸುತ್ತದೆ. ಈಚಿನ ಯಂತ್ರಗಳು ಬ್ಯಾಟರಿಯ ಬಲವನ್ನೂ ಸಂಕೇತದ ಬಲವನ್ನೂ ಅಂಕಿಗಳಲ್ಲಿ ಹಿಂದಕ್ಕೆ ತಿಳಿಸುತ್ತವೆಯೆಂದು ಹುಡುಗ ಹೇಳಿದನು. ನಿಜ, ಆದರೆ ಅಂಕಿ ಬೇರೆ, ಸೆಳೆತ ಬೇರೆ.

ಈ ಕಲೆಯ ಹಳೆಯ ಪದ್ಧತಿಯೊಂದು ನನ್ನ ಮನಸ್ಸನ್ನು ಬಹಳವಾಗಿ ಹಿಡಿಯಿತು. ಹಿಂದಿನ ರೇಡಿಯೋಗಳಲ್ಲಿ ಒಂದೊಂದು ಪೆಟ್ಟಿಗೆಗೂ ಒಂದೊಂದು ತರಂಗಸಂಖ್ಯೆ ಗೊತ್ತಾಗಿರುತ್ತಿತ್ತು. ಒಂದೇ ಸಂಖ್ಯೆಯ ಎರಡು ಪೆಟ್ಟಿಗೆಗಳು ಏಕಕಾಲದಲ್ಲಿ ಚಾಲೂ ಆದರೆ ಆಗಲೇ ಹಾರುತ್ತಿದ್ದ ವಿಮಾನ ದಿಕ್ಕುಗೆಟ್ಟು ಬೀಳುತ್ತಿತ್ತು. ಯಾರೋ ಒಬ್ಬನು ಮರದ ನೆರಳಿನಲ್ಲಿ ಕುಳಿತು ತನ್ನ ಪೆಟ್ಟಿಗೆಯ ಗುಂಡಿಯನ್ನು ಸುಮ್ಮನೆ ಒತ್ತಿದರೆ ಸಾಕು. ಇನ್ನೊಬ್ಬನು ತಿಂಗಳುಗಟ್ಟಲೆ ಕಟ್ಟಿದ ವಿಮಾನ ಮಣ್ಣುಗೂಡುತ್ತಿತ್ತು. ಒತ್ತಿದವನಿಗೆ ತಾನು ಮಾಡಿದ್ದೇನೆಂಬುದು ಗೊತ್ತಾಗುತ್ತಲೇ ಇರಲಿಲ್ಲ. ಆದಕಾರಣ ಬಯಲಿನಲ್ಲಿ ಒಂದು ಹಲಗೆಯನ್ನು ನೆಟ್ಟು, ಪ್ರತಿಯೊಂದು ತರಂಗಸಂಖ್ಯೆಗೂ ಒಂದು ಚಿಮಟಿಗೆಯನ್ನು ಇಟ್ಟು, ಆ ಚಿಮಟಿಗೆ ತನ್ನ ಕೈಯಲ್ಲಿದ್ದವನು ಮಾತ್ರ ಪೆಟ್ಟಿಗೆಯನ್ನು ಚಾಲೂ ಮಾಡಬೇಕೆಂದು ನಿಯಮ ಮಾಡಿಕೊಂಡಿದ್ದರು. ಈಗಿನ ೨.೪ ಗಿಗಾಹರ್ಟ್ಸಿನ ಯಂತ್ರಗಳು ತಮಗೆ ತಾವೇ ದಾರಿ ಹಂಚಿಕೊಳ್ಳುವುದರಿಂದ ಆ ಭಯ ಬಹುಮಟ್ಟಿಗೆ ತೊಲಗಿದೆ. ಹಲಗೆ ಹೋಯಿತು, ಹಲಗೆಯ ಪಾಠ ಹೋಗಬಾರದು. ಕೈಗೆ ತಟ್ಟದ ಕೇಡನ್ನೂ ಕೈ ಮಾಡಬಲ್ಲುದೆಂಬುದೇ ಆ ಪಾಠ.

ಇನ್ನು ನನ್ನ ಪ್ರಸಂಗಕ್ಕೆ ಬರುತ್ತೇನೆ. ವಿಮಾನವಿದ್ಯೆಯಲ್ಲಿ ತೂಕದ ನೆಲೆ ಎಂಬುದೊಂದುಂಟು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರರಲ್ಲೊಂದು ಭಾಗಕ್ಕೂ ನಡುವೆ ಎರಡು ಬೆರಳುಗಳನ್ನು ಕೆಳಗಿನಿಂದ ಆನಿಸಿ ಎತ್ತಿದರೆ ವಿಮಾನ ತಕ್ಕಡಿಯ ದಂಡದಂತೆ ಮಟ್ಟವಾಗಿ ನಿಲ್ಲಬೇಕು. ಮೂಗು ಭಾರವಾದರೆ ಹಾರಾಟ ಜಡವಾಗುತ್ತದೆ. ಬಾಲ ಭಾರವಾದರೆ ಹಾರಾಟವೇ ಉಳಿಯುವುದಿಲ್ಲ. ಬ್ಯಾಟರಿಯೇ ಒಳಗಿನ ದೊಡ್ಡ ಭಾರವಾದುದರಿಂದ ಅದನ್ನು ಹಿಂದುಮುಂದಾಗಿ ಸರಿಸಿ ಈ ನೆಲೆಯನ್ನು ಹೊಂದಿಸುತ್ತಾರೆ. ಹುಡುಗ ಹಿಂದಿನ ರಾತ್ರಿ ಇದನ್ನೆಲ್ಲ ನೋಡಿ ಒಳಗೆ ಸೀಸದ ಕಡ್ಡಿಯಿಂದ ಗೆರೆ ಎಳೆದಿದ್ದನು. ಮರುದಿನ ಬೆಳಗ್ಗೆ ಮೊದಲನೆಯ ಹಾರಾಟ ಸೊಗಸಾಗಿ ನಡೆಯಿತು. ವಿಮಾನ ಕೆಳಗಿಳಿದ ಮೇಲೆ ಎರಡನೆಯ ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, “ದೊಡ್ಡಪ್ಪ, ಗೆರೆಯವರೆಗೆ ತಳ್ಳಿ ಮುಚ್ಚಳ ಹಾಕಿಬಿಡಿ” ಎಂದು ಹೇಳಿ, ತಾನು ಚಕ್ರಕ್ಕೆ ಸಿಕ್ಕಿದ್ದ ಹುಲ್ಲನ್ನು ಬಿಡಿಸುತ್ತಿದ್ದನು. ತಂತಿ ಅಡ್ಡ ಬಂದು ಮುಚ್ಚಳ ಕೂಡಲಿಲ್ಲ. ನಾನು ಬ್ಯಾಟರಿಯನ್ನು ಮೂರು ಅಂಗುಲ ಹಿಂದಕ್ಕೆ ಸರಿಸಿದೆನು. ಮುಚ್ಚಳ ಕೂಡಿತು. ಗೆರೆಯ ನೆನಪು ನನಗಿರಲಿಲ್ಲವೆಂದು ಹೇಳಲಾರೆ. ಮೂರು ಅಂಗುಲದಿಂದ ಏನಾದೀತು ಎಂದುಕೊಂಡೆನು.

ವಿಮಾನ ನೆಲ ಬಿಟ್ಟೊಡನೆ ಮೂಗನ್ನು ಮೇಲಕ್ಕೆ ಎತ್ತಿತು, ಹುಡುಗ ತಗ್ಗಿಸಿದರೆ ಮಿತಿಮೀರಿ ತಗ್ಗಿತು, ಮತ್ತೆ ಎತ್ತಿತು, ವೇಗ ಕುಂದಿ ಒಂದು ರೆಕ್ಕೆಯ ಮೇಲೆ ಮಗುಚಿ, ಸುತ್ತುತ್ತ ಬಂದು ಕೂಳೆಯ ಮೇಲೆ ಬಿದ್ದಿತು. ಹತ್ತು ರಾತ್ರಿಗಳ ಕೆಲಸ ಹತ್ತು ಸೆಕೆಂಡುಗಳಲ್ಲಿ ಮುಗಿಯಿತು. ಹುಡುಗ ಕಡ್ಡಿಯನ್ನು ಇನ್ನೂ ಒತ್ತುತ್ತಲೇ ಇದ್ದನು. ಬ್ಯಾಟರಿ ಪೆಟ್ಟಿನಿಂದ ಕಿತ್ತು ದೂರಕ್ಕೆ ಹಾರಿತ್ತಾಗಿ ಅದು ಎಲ್ಲಿದ್ದಿತೆಂಬುದಕ್ಕೆ ಕುರುಹು ಉಳಿದಿರಲಿಲ್ಲ. “ರೇಡಿಯೋ ತಪ್ಪಿರಬೇಕು” ಎಂದು ಕೂಡಿದ್ದವರಲ್ಲಿ ಒಬ್ಬರೆಂದರು. ಈ ಮಾತು ಇಂಥ ಬಯಲುಗಳಲ್ಲಿ ಸಾಮಾನ್ಯವಂತೆ. ಕಣ್ಣಿಗೆ ಕಾಣದ ತರಂಗವನ್ನು ದೂರಿದರೆ ಅದು ಎದುರು ವಾದಿಸುವುದಿಲ್ಲ. ಹುಡುಗ ಆ ನೆಪವನ್ನು ಒಪ್ಪಲಿಲ್ಲ. “ಇಲ್ಲ, ನಾನೇ ಕೆಡಿಸಿದೆ” ಎಂದನು. ನಾನು ಸುಮ್ಮನಿದ್ದೆನು.

ಎರಡು ದಿನ ಸುಮ್ಮನಿದ್ದೆನು. ಆ ಎರಡು ದಿನಗಳಲ್ಲಿ ನನ್ನ ಮನಸ್ಸು ಹೂಡಿದ ವಾದಗಳನ್ನು ಮರೆಮಾಚದೆ ಇಲ್ಲಿ ಬರೆಯುತ್ತೇನೆ. ಏಕೆಂದರೆ ಅವು ನನ್ನೊಬ್ಬನವೇ ಅಲ್ಲವೆಂದು ನನ್ನ ನಂಬಿಕೆ. ಮೊದಲನೆಯ ವಾದ: ಹಾರಿಸಿದವನು ಅವನು, ಕಡ್ಡಿ ಅವನ ಕೈಯಲ್ಲಿತ್ತು, ಹಿಡಿತ ಯಾರದೋ ಹೊಣೆ ಅವರದು. ಎರಡನೆಯದು: ನಾನು ಕೇಡನ್ನು ಉದ್ದೇಶಿಸಲಿಲ್ಲ. ಮೂರನೆಯದು ಎಲ್ಲಕ್ಕಿಂತ ಘನವಾದುದು: ಕರ್ಮ ಮಾಡುವುದಷ್ಟೇ ನಮ್ಮದು, ಫಲ ನಮ್ಮದಲ್ಲ, ಆದದ್ದಕ್ಕೆ ಮರುಗುವುದು ಅವಿವೇಕ.

ಮೊದಲನೆಯದನ್ನು ಪರೀಕ್ಷಿಸೋಣ. ಹಾರಾಟಕ್ಕೆ ಮೂರು ಕಾಲಗಳುಂಟು: ಬಿಡುವ ಮುನ್ನ, ಬಿಟ್ಟಿರುವಾಗ, ಬಿದ್ದ ಮೇಲೆ. ಬಿಡುವ ಮುನ್ನ ನಮ್ಮ ಹಿಡಿತ ಪೂರ್ಣ; ಬಿಟ್ಟಿರುವಾಗ ಅಲ್ಪ; ಬಿದ್ದ ಮೇಲೆ ಶೂನ್ಯ. ಹೊಣೆಯೂ ಹೀಗೆಯೇ ಇಳಿಯುತ್ತ ಹೋಗುವುದೆಂದು ನಾವು ಭಾವಿಸುತ್ತೇವೆ. ಆದರೆ ನನ್ನ ಮೂರು ಅಂಗುಲ ನಡೆದದ್ದು ಹಿಡಿತ ಪೂರ್ಣವಾಗಿದ್ದ ಕಾಲದಲ್ಲಿ. ಆಕಾಶದಲ್ಲಿ ಹುಡುಗನ ಬೆರಳು ಹೋರಾಡುತ್ತಿದ್ದುದು ನನ್ನ ಬೆರಳಿನೊಡನೆ. ದೂರದ ಕೆಲಸದಲ್ಲಿ ಕಡ್ಡಿ ಹಿಡಿದವನು ಕಣ್ಣಿಗೆ ಕಾಣುತ್ತಾನೆ. ಮುಚ್ಚಳ ಹಾಕಿದವನು ಕಾಣುವುದಿಲ್ಲ. ಭೇದ ಇಷ್ಟೇ.

ಇದಕ್ಕೆ ಉಜ್ಜ್ವಲವಾದ ನಿದರ್ಶನವೊಂದಿದೆ. ಅಮೆರಿಕದ ಮೇನಾರ್ಡ್ ಹಿಲ್ ಎಂಬುವರು ತಮ್ಮ ೭೭ನೆಯ ವಯಸ್ಸಿನಲ್ಲಿ, ಕಣ್ಣು ಬಹುಮಟ್ಟಿಗೆ ಕಾಣದೆ, ಕಿವಿ ಸರಿಯಾಗಿ ಕೇಳದೆ ಇದ್ದಾಗ, ಬಾಲ್ಸಾ ಮರದ ಒಂದು ಮಾದರಿ ವಿಮಾನದಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿಸಿದರು. ಇಂಧನ ಸೇರಿ ಅದರ ತೂಕ ೫ ಕಿಲೋಗ್ರಾಮಿನೊಳಗೆ. ೨೦೦೩ನೆಯ ಆಗಸ್ಟ್ ೯ರಂದು ನ್ಯೂಫೌಂಡ್‌ಲೆಂಡಿನ ಕರಾವಳಿಯಿಂದ ಹೊರಟು ೩೮ ಗಂಟೆಗಳಿಗೂ ಮೀರಿ ಹಾರಿ, ಸುಮಾರು ೩,೦೦೦ ಕಿಲೋಮೀಟರು ದಾಟಿ, ಐರ್ಲೆಂಡಿನ ಕ್ಲಿಫ್ಡನ್ ಊರಿನ ಬಳಿಯ ಕಡಲ ತೀರದಲ್ಲಿ ಇಳಿಯಿತು. ೧೯೧೯ರಲ್ಲಿ ಆಲ್ಕಾಕ್ ಮತ್ತು ಬ್ರೌನರು ಎಲ್ಲಿಯೂ ಇಳಿಯದೆ ಆ ಸಾಗರವನ್ನು ಮೊದಲು ದಾಟಿದಾಗ ಬಂದಿಳಿದದ್ದೂ ಕ್ಲಿಫ್ಡನ್ನಿನ ಬಳಿಯಲ್ಲಿಯೇ. ಏರುವಾಗ ಇತ್ತ ಒಬ್ಬರ ಕೈ, ಇಳಿಯುವಾಗ ಅತ್ತ ಕಾದಿದ್ದ ಮಿತ್ರನ ಕೈ. ನಡುವೆ ಮಹಾಸಾಗರದ ಮೇಲೆ ಯಾರ ಕೈಯೂ ಇಲ್ಲ, ಉಪಗ್ರಹಗಳಿಂದ ನೆಲೆಯರಿತು ತಾನೇ ನಡೆಯುವ ಯಂತ್ರವೊಂದೇ. ಇದಕ್ಕೆ ಮುಂಚಿನ ವಿಮಾನಗಳು ಕಡಲ ಪಾಲಾಗಿದ್ದುವು. ಹಾಗಾದರೆ ಆ ೩೮ ಗಂಟೆಗಳನ್ನು ನಡೆಯಿಸಿದವರು ಯಾರು? ಹಗುರವಾದ ಹಲಗೆಗಳನ್ನು ಆರಿಸಿದ, ಇಂಧನದ ತೊಟ್ಟುತೊಟ್ಟನ್ನೂ ಲೆಕ್ಕವಿಟ್ಟ, ಹಿಂದಿನ ಸೋಲುಗಳಿಗೆ ನೆಪ ಹೇಳದೆ ಕಾರಣ ಹುಡುಕಿದ ಕೈಗಳೇ ನಡೆಯಿಸಿದುವು. ಹಿಡಿತವಿಲ್ಲದ ನಡುಗಡಲಿನಲ್ಲಿಯೂ ಅವರ ಹೊಣೆ ಹಾರುತ್ತಿತ್ತು.

ಎರಡನೆಯ ವಾದವನ್ನು ದೀರ್ಘವಾಗಿ ಚರ್ಚಿಸಬೇಕಾಗಿಲ್ಲ. ಉದ್ದೇಶವಿಲ್ಲದಿದ್ದುದು ನನ್ನನ್ನು ದ್ರೋಹದಿಂದ ಬಿಡಿಸಿತು, ಅಲಕ್ಷ್ಯದಿಂದ ಬಿಡಿಸಲಿಲ್ಲ. ಮೂರನೆಯದಂತೂ ನಾನು ಮಾಡಿದ ಅಪಚಾರ. ಫಲದ ಆಸೆಯನ್ನು ಬಿಡು ಎಂಬ ಉಪದೇಶ ಲಾಭವನ್ನು ಬಯಸುವವನಿಗೆ. ತನ್ನಿಂದಾದ ನಷ್ಟದ ಲೆಕ್ಕವನ್ನು ತಪ್ಪಿಸಿಕೊಳ್ಳಲೆಳಸುವವನಿಗೆ ಅದು ಆಶ್ರಯವಾಗಲಾರದು.

ಈ ಎಚ್ಚರಿಕೆ ಇನ್ನೊಂದು ಅತಿಗೂ ಹೋಗಬಹುದು. ಹೊಣೆಯ ಭಯದಿಂದ ಕಡ್ಡಿಯನ್ನು ಒಂದು ನಿಮಿಷವೂ ಬಿಡದೆ ಜಗ್ಗುವವನು ವಿಮಾನವನ್ನು ಬೇಗನೆ ಕೆಡವುತ್ತಾನೆ. ಕಲಿಯುವವರ ವಿಮಾನಗಳ ರೆಕ್ಕೆಯನ್ನು ತುದಿಗಳೆರಡೂ ತುಸು ಮೇಲಕ್ಕೆದ್ದಿರುವಂತೆ ಕಟ್ಟಿರುತ್ತಾರೆ; ಎತ್ತರವಿದ್ದಲ್ಲಿ ಕೈ ಎತ್ತಿದರೆ ಅದು ಮೆಲ್ಲಗೆ ತಾನೇ ಮಟ್ಟಕ್ಕೆ ಬರುತ್ತದೆ. ಗುರುಶಿಷ್ಯರ ಪೆಟ್ಟಿಗೆಗಳನ್ನು ಜೋಡಿಸುವ ಏರ್ಪಾಡೂ ಉಂಟು. ಗುರು ಒಂದು ಗುಂಡಿಯನ್ನು ಒತ್ತಿ ಹಿಡಿದಿರುವವರೆಗೆ ಹಿಡಿತ ಶಿಷ್ಯನದು, ಬಿಟ್ಟೊಡನೆ ಗುರುವಿನದು. ಬೇಗ ಬಿಟ್ಟರೆ ಶಿಷ್ಯ ಕಲಿಯಲಾರನು. ತಡವಾಗಿ ಬಿಟ್ಟರೆ ವಿಮಾನ ಉಳಿಯದು. ಮಕ್ಕಳನ್ನು ಬೆಳೆಸಿದ ಗೃಹಸ್ಥರಿಗೆ ಇದನ್ನು ನಾನು ವಿವರಿಸಬೇಕಾದ್ದಿಲ್ಲ.

ಹಾಗಾದರೆ ದಾರವಿಲ್ಲದ ಕಡೆ ದಾರದ ಕೆಲಸವನ್ನು ಮಾಡತಕ್ಕದ್ದು ಯಾವುದು? ಇದಕ್ಕೂ ಆ ಬಯಲೇ ಉತ್ತರ ಕೊಡುತ್ತದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲ. ತಿರುಗಿ ನಮ್ಮ ಕಡೆಗೆ ಬರುವಾಗ ಅದರ ಬಲ ನಮ್ಮ ಎಡ. ಹೊಸಬರ ವಿಮಾನಗಳು ಬೀಳುವುದು ಹೆಚ್ಚಾಗಿ ಇಲ್ಲಿಯೇ. ನೆಲದ ಮೇಲೆ ನಿಂತವನು ವಿಮಾನದೊಳಗೆ ತಾನು ಕುಳಿತಿದ್ದೇನೆಂದು ಭಾವಿಸಿಕೊಳ್ಳಬೇಕು. ಆಗ ಎಡಬಲಗಳು ತಮ್ಮಷ್ಟಕ್ಕೆ ಸರಿಯಾಗುತ್ತವೆ. ಪರರ ಸ್ಥಾನದಲ್ಲಿ ನಿಂತು ನೋಡು ಎಂದು ನೀತಿಶಾಸ್ತ್ರ ಹೇಳುವುದನ್ನು ಇಲ್ಲಿ ಹೆಬ್ಬೆರಳುಗಳು ಕಲಿಯುತ್ತವೆ. ನಮ್ಮ ದೇಶದ ೨೦೨೧ರ ಡ್ರೋನ್ ನಿಯಮಗಳೂ ೨೫ ಕಿಲೋಗ್ರಾಮಿನೊಳಗಿನ ಮಾದರಿ ವಿಮಾನವನ್ನು ವಿವರಿಸುವಾಗ, ಅದು ಹಾರಿಸುವವನ ಕಣ್ಣಳವಿನೊಳಗೆ ಇರತಕ್ಕದ್ದೆಂದು ಹೇಳಿವೆ. ಕಾನೂನು ಕಣ್ಣನ್ನು ದಾರವಾಗಿ ಮಾಡಿದೆ. ಕಣ್ಣು ಹೋಗದೆಡೆಗೆ ಭಾವನೆ ಹೋಗಬೇಕು.

ಅದು ಹೋಗದಿದ್ದರೆ ಆಗುವ ಕೇಡು ಬರಿಯ ಆಟದ್ದಲ್ಲ. ಈ ವಿದ್ಯೆಯೇ ೧೯೩೫ರಲ್ಲಿ ಬ್ರಿಟನ್ನಿನಲ್ಲಿ, ಫಿರಂಗಿಗಳ ಗುರಿಯಭ್ಯಾಸಕ್ಕಾಗಿ ಮನುಷ್ಯರಿಲ್ಲದೆ ಹಾರುವ ‘ಕ್ವೀನ್ ಬೀ’ ವಿಮಾನವಾಯಿತು. ಹಾಲಿವುಡ್ಡಿನಲ್ಲಿ ಮಾದರಿ ವಿಮಾನಗಳ ಅಂಗಡಿ ಇಟ್ಟಿದ್ದ ರೆಜಿನಾಲ್ಡ್ ಡೆನ್ನಿ ಎಂಬ ನಟನ ಕಂಪೆನಿ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಇಂಥ ವಿಮಾನಗಳನ್ನು ಸಾವಿರಗಟ್ಟಲೆ ಒದಗಿಸಿತು. ಇಂದು ಸಾವಿರಾರು ಮೈಲಿಗಳಾಚೆ ಕುಳಿತವನ ಬೆರಳು ಊರೊಂದರ ಮೇಲೆ ಬಾಂಬನ್ನು ಬಿಡಿಸಬಲ್ಲುದು. ಆ ಬೆರಳಿಗೂ ಸ್ಪ್ರಿಂಗು ಮೃದುವಾಗಿಯೇ ಒತ್ತುತ್ತದೆ. ಯುದ್ಧದ ಮಾತು ದೂರವಾಯಿತೆಂದರೆ, ಕಚೇರಿಯಲ್ಲಿ ಕುಳಿತು ಕಾಣದ ಹಳ್ಳಿಯ ಅರ್ಜಿಯನ್ನು ತಳ್ಳಿಹಾಕುವ ರುಜುವೂ, ಮುಖವರಿಯದವನ ಮೇಲೆ ಆಡಿಬಿಟ್ಟ ಅಪವಾದವೂ ಇದೇ ಜಾತಿಯವು. ಜಗ್ಗುವ ದಾರವಿಲ್ಲದ ಕಡೆಗಳಲ್ಲೆಲ್ಲ ಸೆಳೆತವನ್ನು ನಾವೇ ತಂದುಕೊಳ್ಳಬೇಕು.

ಮೂರನೆಯ ದಿನ ಬೆಳಗ್ಗೆ ಹುಡುಗ ಮೇಜಿನ ಮೇಲೆ ಕಾಗದ ಹರಡಿಕೊಂಡು ಹೊಸ ರೆಕ್ಕೆಯ ನಕ್ಷೆಯನ್ನು ಬರೆಯುತ್ತಿದ್ದನು. ಮೊದಲಿನ ರೆಕ್ಕೆಯ ಆಕಾರವೇ ತಪ್ಪಾಗಿದ್ದಿರಬೇಕೆಂದು ಎಣಿಸಿ ಅದನ್ನು ಬದಲಿಸುತ್ತಿದ್ದನು. ನನ್ನ ಮೌನದ ಬೆಲೆ ಏನೆಂದು ನನಗೆ ಆಗ ತಿಳಿಯಿತು: ದೋಷವಿಲ್ಲದ ಅಂಗವನ್ನು ಅವನು ತಿದ್ದುತ್ತಿದ್ದನು. ಸತ್ಯವನ್ನು ಮುಚ್ಚಿಟ್ಟಲ್ಲಿ ದುರಸ್ತಿ ಯಾವಾಗಲೂ ತಪ್ಪಾದ ಕಡೆ ನಡೆಯುತ್ತದೆ. ನಾನು ಮುಚ್ಚಳದ ಸಂಗತಿಯನ್ನು ಹೇಳಿದೆನು.

ಅವನು ಸೀಸದ ಕಡ್ಡಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನನ್ನು ನೋಡಿದನು. ಬೇಸರವಿತ್ತು, ಇರಲಿಲ್ಲವೆಂದು ನಾನು ಬರೆದರೆ ಸುಳ್ಳಾದೀತು. ಆಮೇಲೆ, “ಹಾಗಾದರೆ ರೆಕ್ಕೆ ಸರಿಯಾಗಿಯೇ ಇತ್ತು, ದೊಡ್ಡಪ್ಪ” ಎಂದನು. ಮತ್ತೆ, “ಬ್ಯಾಟರಿ ಬದಲಾಯಿಸಿದ ಮೇಲೆ ನಾನೂ ಬೆರಳ ಮೇಲೆ ಎತ್ತಿ ನೋಡಬೇಕಾಗಿತ್ತು, ನೋಡಲಿಲ್ಲ” ಎಂದು ತನ್ನ ಪಾಲನ್ನು ತಾನು ತೆಗೆದುಕೊಂಡನು. ಹೊಸ ನಕ್ಷೆಯನ್ನು ಮಡಿಸಿಟ್ಟು, ಹಳೆಯದನ್ನು ಹರಡಿ, ಬ್ಯಾಟರಿಯ ಗೂಡಿನಲ್ಲಿ ಗೆರೆಯ ಹಿಂದಕ್ಕೆ ಒಂದು ಚಿಕ್ಕ ಮರದ ತಡೆಯನ್ನು ಸೇರಿಸಿದನು. ಇನ್ನು ಯಾರು ಸರಿಸಿದರೂ ಅದು ಹಿಂದಕ್ಕೆ ಜರುಗದು.

ಮಾಘಮಾಸದ ಕೊನೆಯಲ್ಲಿ ವಿಮಾನ ಮತ್ತೆ ಸಿದ್ಧವಾಯಿತು. ಅದೇ ಹೊಲದಲ್ಲಿ ಹುಡುಗ ಬ್ಯಾಟರಿಯನ್ನು ನನ್ನ ಕೈಗೇ ಕೊಟ್ಟನು. ನಾನು ತಡೆಯವರೆಗೆ ತಳ್ಳಿ, ತಂತಿಯನ್ನು ಪಕ್ಕಕ್ಕೆ ಮಡಿಸಿ, ಮುಚ್ಚಳವನ್ನು ಹಾಕಿ, ಎರಡು ಬೆರಳುಗಳ ಮೇಲೆ ವಿಮಾನವನ್ನು ಎತ್ತಿ ಹಿಡಿದೆನು. ಅದು ಮಟ್ಟವಾಗಿ ನಿಂತಿತು. ಆಮೇಲೆ ಅವನ ಕೈಗೆ ಕೊಟ್ಟೆನು.